ಟೆಂಡರ್‌ದಾಗ ‘ಬಿಲೋ’ ಅಂದ್ರ ಯಾವುದರ ಕೆಳಗ? ಎಷ್ಟರ ತನಕ ಇಳೀಬೇಕು?

ಭೀಮಾದಂಡಿ (ಜೇವರ್ಗಿ) ಕೇಳಿದ್ದು:

ಎಲ್ಲಾರಿಗೂ ಶರಣು.

ನಾನು ಸಿವಿಲ್ ಡಿಪ್ಲೊಮಾ ಮಾಡೀನಿ. ಒಬ್ಬ ದೊಡ್ಡ ಗುತ್ತಿಗೆದಾರರ ಕೈಯಾಗ ಸೈಟ್ ಸೂಪರ್‌ವೈಸರ್ ಆಗಿ ದುಡದು, ಈಗ ನನ್ನ ಹೆಸರಿನಾಗೇ ನಾಲ್ಕನೇ ದರ್ಜೆ ಲೈಸೆನ್ಸ್ ಮಾಡಿಸ್ಕೊಂಡೀನಿ. ನಮ್ಮ ತಾಲೂಕಿನ ಒಂದು ಹಳ್ಳಿದಾಗ ಸಿಸಿ ರಸ್ತೆಗೆ ಟೆಂಡರ್ ಕರದಾರ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ, ಒಂದು ಬಾಜೂಕ ಚರಂಡಿ. ಕೆಲಸ ಸಣ್ಣದು, ಮಾಡ್ಲಿಕ್ಕ ನನಗ ಬರ್ತದ. ರೇಟು ಹಾಕೋದೇ ತಿಳೀವಲ್ದು.

ಯಾರಿಗೆ ಕೇಳಿದ್ರೂ “ಬಿಲೋ ಎಷ್ಟು ಹಾಕ್ತಿ?”, ಅಂದ್ರ ನೂರಕ್ಕ ಎಷ್ಟು ಇಳಸ್ತಿ, ಅಂತ ಅಲ್ಲಿಂದಲೇ ಶುರು ಮಾಡ್ತಾರ. ಒಬ್ಬರು 20 ಇಲ್ಲದೆ ಕೆಲಸ ಬೀಳಂಗಿಲ್ಲ ಅಂತಾರ. ಇನ್ನೊಬ್ಬರು, “22 ಹೊಡಿ, ಮೊದಲ ಕೆಲಸ, ಲಾಭ ನೋಡಬ್ಯಾಡ, ಅನುಭವದ ಸರ್ಟಿಫಿಕೇಟ್ ಸಿಗ್ತದ” ಅಂತಾರ. ಈ 20, 22 ಯಾವುದರ ಮ್ಯಾಲ ಎಣಿಸೋದು? ಎಸ್ಟಿಮೇಟ್ ಮ್ಯಾಲೋ, ಎಸ್‌ಆರ್ ದರಪಟ್ಟಿ ಮ್ಯಾಲೋ? ಜಿಎಸ್‌ಟಿ ಕೂಡಿಸೋ, ಬಿಟ್ಟೋ? ನಮ್ಮ ಮಾಲಕರು ರೇಟಿನ ಕೆಲಸ ಆಫೀಸಿನಾಗ ಬಾಗಿಲು ಹಾಕ್ಕೊಂಡು ಮಾಡ್ತಿದ್ರು, ನಾವು ಸೈಟಿನವರು ನೋಡೇ ಇಲ್ಲ.

ನಮ್ಮ ಅಪ್ಪ ತೊಗರಿ ಬೆಳಿಯೋರು. ರಾತ್ರಿ ಊಟಕ್ಕ ಕುಂತಾಗ ಅವರಿಗೆ ಇದನ್ನ ಹೇಳಿದೆ. “ಸರ್ಕಾರದವರು ಹತ್ತು ರೂಪಾಯಿ ಖರ್ಚು ಬರ್ತದಂತ ಬರದಾರ. ನೀ ಎಂಟು ಸಾಕು ಅಂತಿ. ಉಳಿದ ಎರಡು ಎಲ್ಲಿಂದ ತರ್ತಿ?” ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ತಿಳಿದವರು ಬಿಡಿಸಿ ಹೇಳ್ರಿ.


ಜೆಸಿಬಿ ಮಾಲಕ (ಶಹಾಬಾದ್):

ಅಣ್ಣಾ, ನಾ ನನ್ನ ಅನುಭವ ಹೇಳ್ತೀನಿ. ನನ್ನ ಹತ್ರ ಒಂದು ಜೆಸಿಬಿ, ಎರಡು ಟಿಪ್ಪರ್ ಅವ. ಕೆಲಸ ಇರಲಿ ಬಿಡಲಿ, ತಿಂಗಳಾದ್ರ ಕಂತು ಕಟ್ಟಬೇಕು, ಡ್ರೈವರ್‌ಗೆ ಪಗಾರ ಕೊಡಬೇಕು. ಗಾಡಿ ನಿಂತ್ರ ಪೂರಾ ನಷ್ಟ. 20 ಬಿಲೋ ಹಾಕಿ ಓಡಿಸಿದ್ರ ಡೀಸೆಲ್, ಪಗಾರ, ಅರ್ಧ ಕಂತಾದರೂ ಎದ್ದು ಬರ್ತದ. ಹಿಂಗಾಗಿ ಬಿಲೋ ಹಾಕೋರೆಲ್ಲಾ ಹುಚ್ಚರು ಅಂತ ತಿಳೀಬ್ಯಾಡ. ಮಳಿಗಾಲದಾಗ ಎರಡ್ಮೂರು ತಿಂಗಳು ಗಾಡಿ ನಿಲ್ಲಿಸಿ ನೋಡು, ತಿಳೀತದ.


ಗೌಂಡಿ ಮಗ (ಕಲಬುರಗಿ):

ತಮ್ಮಾ, ನಿಮ್ಮ ಅಪ್ಪಾರು ಕೇಳಿದ ಪ್ರಶ್ನೆ ಟೆಂಡರ್ ಹಾಕೋ ಮಂದಿ ರಾತ್ರಿ ಮಲಗೋ ಮುಂದ ತಮಗ ತಾವೇ ಕೇಳ್ಕೋಬೇಕು. ನಾ ಉದ್ದ ಬರೀಲಿಕತ್ತೀನಿ, ಕೂತು ಓದು.

ಮೊದಲ, ಯಾವುದರ ಕೆಳಗ ಅಂತ. ಟೆಂಡರ್ ನೋಟಿಸಿನಾಗ ‘ಟೆಂಡರ್‌ಗೆ ಇಟ್ಟ ಮೊತ್ತ’ ಅಂತ ಒಂದು ಅಂಕಿ ಇರ್ತದ. ಮಂದಿ ಬಾಯಾಗ 20 ಬಿಲೋ ಅಂದ್ರ ಆ ಮೊತ್ತಕ್ಕಿಂತ ನೂರಕ್ಕ 20 ಕಮ್ಮಿ. ಅಷ್ಟಕ್ಕಷ್ಟೇ ಹಾಕಿದ್ರ ಆಟ್ ಪಾರ್, ಮ್ಯಾಲ ಹೋದ್ರ ಎಬೋವ್. ಆ ಮೊತ್ತ ಕಟ್ಟೋದು ಎಸ್‌ಆರ್ ಮ್ಯಾಲ, ಅಂದ್ರ ಇಲಾಖೆಯ ದರಪಟ್ಟಿ ಮ್ಯಾಲ. ಯಾವ ವರ್ಷದ ಎಸ್‌ಆರ್ ಹಿಡಿದು ಎಸ್ಟಿಮೇಟ್ ಮಾಡ್ಯಾರ, ಅದನ್ನ ಮೊದಲ ನೋಡು. ಹಳೇ ಎಸ್‌ಆರ್ ಇದ್ದು, ಈ ನಡುವ ಡೀಸೆಲ್ಲು, ಕೂಲಿ ಏರಿದ್ವು ಅಂದ್ರ ನೀ ಆಟ್ ಪಾರ್ ಹಾಕಿದ್ರೂ ಇವತ್ತಿನ ಲೆಕ್ಕದಾಗ ಬಿಲೋನೇ ಹಾಕಿದಂಗಾಯ್ತು. ಹೊಸಾ ಎಸ್‌ಆರ್ ಮ್ಯಾಲಿನ 10 ಬಿಲೋನೂ ಹಳೇದರ ಮ್ಯಾಲಿನ 10 ಬಿಲೋನೂ ಒಂದೇ ಅಲ್ಲ. “ಅವರು 18 ಹಾಕ್ಯಾರಂತ, ನಾನೂ 18” ಅನ್ನೋ ಮಂದಿ ಮುಗ್ಗರಿಸೋದು ಇಲ್ಲೇ.

ಈಗ ನಿಮ್ಮ ಅಪ್ಪಾರ ಎರಡು ರೂಪಾಯಿ. ಇಲಾಖೆ ಒಂದು ಐಟಂಗೆ ದರ ಕಟ್ಟೋ ಮುಂದ ಮಾಲು, ಕೂಲಿ, ಮಷೀನು ಕೂಡಿಸಿ, ಅದರ ಮ್ಯಾಲ ಓವರ್‌ಹೆಡ್ ಹಾಕಿ, ಎಲ್ಲದರ ಮ್ಯಾಲ ಗುತ್ತಿಗೆದಾರನ ಲಾಭ ಹಾಕ್ತದ. ಕೇಂದ್ರ ರಸ್ತೆ ಸಚಿವಾಲಯದ ಸ್ಟ್ಯಾಂಡರ್ಡ್ ಡೇಟಾ ಬುಕ್ಕಿನಾಗ ಲಾಭ ನೂರಕ್ಕ 10 ಅಂತ ಹಿಡದಾರ. ಓವರ್‌ಹೆಡ್ಡೂ 10 ಅಂತ ಇಟ್ಕೋ. ಹಂಗಾದ್ರ 100 ರೂಪಾಯಿ ಎಸ್ಟಿಮೇಟಿನಾಗ ಖರೇ ಖರ್ಚು ಬರೋದು 82 ರೂಪಾಯಿ 60 ಪೈಸೆ. ಉಳಿದದ್ದು ನಿನ್ನ ಆಫೀಸು, ಓಡಾಟ, ಸೂಪರ್‌ವೈಸರು, ಲಾಭ. ಅಂದ್ರ 17 ಬಿಲೋಕ್ಕ ನಿನ್ನ ಲಾಭನೂ ಹೋತು, ನಿನ್ನ ಕೂಲಿನೂ ಹೋತು. 22 ಹಾಕಿದಿ ಅಂದ್ರ ಸಿಗೋದು 78. ನೂರು ರೂಪಾಯಿ ಕೆಲಸದ ಮ್ಯಾಲ ನಾಕೂವರಿ ರೂಪಾಯಿ ಕೈಯಿಂದ ಹಾಕಬೇಕು, ಅದೂ ಎಲ್ಲಾ ಸರಿಯಾಗಿ ನಡೆದ್ರ.

ಹಂಗಾದ್ರ 20 ಹಾಕೋ ದೊಡ್ಡ ಮಂದಿ ಹ್ಯಾಂಗ ಬದುಕ್ತಾರ ಅಂತ ಕೇಳ್ತಿ. ಅವರದು ಸ್ವಂತ ಕ್ರಷರ್ ಇರ್ತದ, ಕಾಂಕ್ರೀಟ್ ಕಲಸೋ ಸ್ವಂತ ಬ್ಯಾಚಿಂಗ್ ಪ್ಲಾಂಟ್ ಇರ್ತದ. ಸಿಮೆಂಟು ಡೀಲರ್‌ನಿಂದಲ್ಲ, ನೇರ ಫ್ಯಾಕ್ಟರಿಯಿಂದ ಲೋಡುಗಟ್ಟಲೆ ಬರ್ತದ. ಸೇಡಂ, ವಾಡಿ ಕಡಿ ಸಿಮೆಂಟ್ ಸುಡೋದೇ ನಮ್ಮ ಜಿಲ್ಲಾದಾಗ, ದೊಡ್ಡವರಿಗೆ ಸಾಗಾಣಿಕೆ ಉಳೀತದ. ಎಸ್‌ಆರ್ 100 ಅಂದಲ್ಲಿ ಅವರಿಗೆ ಖರೇನೇ 70ಕ್ಕ ಆಗ್ತದ. ಶಹಾಬಾದ್ ತಮ್ಮನ ಮಾತೂ ಖರೆ. ನಿಂತ ಗಾಡಿ ಓಡಿಸ್ಲಿಕ್ಕ ಅವ ಇಳೀಬಹುದು, ಯಾಕಂದ್ರ ಆ ಕಂತು ಅವ ಹ್ಯಾಂಗೂ ಕಟ್ಟಬೇಕು. ಅವ ಅಷ್ಟು ಇಳಿದ್ರ ತಪ್ಪಲ್ಲ. ನಿನ್ನ ಹತ್ರ ಏನದ? ಮಿಕ್ಸರ್ ಬಾಡಿಗಿ, ರೋಲರ್ ಬಾಡಿಗಿ, ಸಿಮೆಂಟ್ ಅಂಗಡ್ಯಾಗ ಉದ್ದರಿ. ಅವರ ಬಿಲೋ ನೀ ನಕಲು ಹೊಡೀಬ್ಯಾಡ.

ಈಗ ನಿನ್ನ ರಸ್ತೆನೇ ತಗೋ. 100 ಗುಣಿಸು 3 ಗುಣಿಸು 0.15, ಅಂದ್ರ 45 ಘನ ಮೀಟರ್ ಕಾಂಕ್ರೀಟು. ಎಂ-20 ಕಾಂಕ್ರೀಟು, ಅಂದ್ರ ಸಿಮೆಂಟು, ಉಸುಕು, ಖಡಿ ಒಂದು-ಒಂದೂವರಿ-ಮೂರು ಮಿಕ್ಸಿಗೆ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟು. ಒಟ್ಟು 360 ಚೀಲ. ಉಸುಕು ಸುಮಾರು 19 ಘನ ಮೀಟರ್, ಖಡಿ 38. ಇದರಾಗ ಕಮ್ಮಿ ಮಾಡ್ಲಿಕ್ಕ ಏನೂ ಬರಂಗಿಲ್ಲ, ಖರೇ ಕೆಲಸ ಮಾಡೋನಿಗೆ. 22 ಬಿಲೋ ಹಾಕಿದವ ಏನು ಮಾಡ್ತಾನ? ಸೆಂಟ್ರಿಂಗ್ ಪಟ್ಟಿ 15 ಸೆಂಟಿಮೀಟರಿಂದೇ ನಿಲ್ಲಸ್ತಾನ, ಅಂಚಿನಾಗ ಅಳತಿ ಹಿಡಿದ್ರ 15 ಬರ್ತದ. ನಡುವ ಮುರಂ ಉಬ್ಬಿಸಿ ಬಿಡ್ತಾನ, ಅಲ್ಲಿ 12 ಸಹ ಬರಂಗಿಲ್ಲ. ಸರಾಸರಿ 12 ಅಂತ ಹಿಡದ್ರೂ 9 ಘನ ಮೀಟರ್ ಕಾಂಕ್ರೀಟ್ ಉಳೀತು, 72 ಚೀಲ. ಚೀಲ 350 ಅಂದ್ರ 25,200 ರೂಪಾಯಿ ಬರೇ ಸಿಮೆಂಟಿನಾಗ. ನಿಮ್ಮ ಅಪ್ಪಾರು ಕೇಳಿದ ಎರಡು ರೂಪಾಯಿ ಬಂದದ್ದು ಅಲ್ಲಿಂದ.

ಅದಕ್ಕೂ ಮೊದಲ ಕದಿಯೋದು ಕೆಳಗ. ನಮ್ಮದು ಎರಿ ಮಣ್ಣು. ಮಳಿಗೆ ಉಬ್ಬತದ, ಬ್ಯಾಸಿಗಿಗೆ ಕೈ ಹೋಗೋವಷ್ಟು ಬಿರೀತದ. ಅದನ್ನ ಎಸ್ಟಿಮೇಟಿನಾಗ ಬರದಷ್ಟು ಆಳ ಅಗದು ತಗದು, ಮುರಂ ಹಾಕಿ, ನೀರು ಹೊಡದು, ಪದರ ಪದರಾಗಿ ರೋಲರ್ ಓಡಿಸಬೇಕು. ರೋಲರ್ ಒಂದು ದಿನ ಕಮ್ಮಿ ಓಡಿದ್ದು ಯಾರಿಗೂ ಕಾಣಂಗಿಲ್ಲ, ಕಾಂಕ್ರೀಟ್ ಮುಚ್ಚಿ ಬಿಡ್ತದ. ಎರಡು ಮಳಿಗಾಲ ಆದ್ಮ್ಯಾಲ ರಸ್ತೆ ನಡುವ ಉದ್ದಕ್ಕ ಸೀಳು ಬೀಳ್ತದ. ಮಂದಿ “ಸಿಮೆಂಟ್ ಹಾಕಿಲ್ಲ” ಅಂತ ಬೈತಾರ. ಸಿಮೆಂಟ್ ಹಾಕಿದ್ರೂ ಅದು ಸೀಳತಿತ್ತು, ಬುಡ ಗಟ್ಟಿ ಇರಲಿಲ್ಲ.

ನಮ್ಮ ಅಪ್ಪ ಗೌಂಡಿ ಇದ್ದ. ಹೊಸಾ ಸ್ಲ್ಯಾಬು, ಹೊಸಾ ಫ್ಲೋರ್ ಎಲ್ಲೇ ಕಂಡ್ರೂ ಬಗ್ಗಿ ಕರಣಿ ಹಿಡಿಕಿಯಿಂದ ಬಡದು ಕಿವಿ ಕೊಡ್ತಿದ್ದ. ಗಟ್ಟಿ ಇದ್ದಲ್ಲಿ ಟಣ್ ಅಂತಿತ್ತು, ಟೊಳ್ಳಿದ್ದಲ್ಲಿ ಡಬ್ ಅಂತಿತ್ತು. ಯಾರ ಕೆಲಸ ಅಂತ ಕೇಳ್ತಿದ್ದ, ಹೆಸರು ನೆನಪಿಟ್ಕೋತಿದ್ದ, ಆ ಮನುಷ್ಯನ ಕೈಕೆಳಗ ಕೆಲಸಕ್ಕ ಹೋಗ್ತಿರಲಿಲ್ಲ. ನಾ ರೇಟು ಹಾಕೋ ಮುಂದ ಅದು ನನಗ ನೆನಪಾಗ್ತದ.

ನಿಮ್ಮ ಅಪ್ಪಾರಿಗೆ ತಿಳಿಯಂಗ ಹೇಳಬೇಕಂದ್ರ ತೊಗರಿ ಮಾತು ತೆಗಿ. 2025-26ಕ್ಕ ತೊಗರಿ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಗಂಜ್‌ದಾಗ ಅದಕ್ಕಿಂತ ಇಳಿಸಿ ಕೇಳಿದ್ರ ರೈತ ಜಗಳಾಡ್ತಾನ, ಮಾಲು ವಾಪಸ್ ಹೇರ್ತಾನ, ಕೈಯಾಗ ಏನೂ ಇಲ್ಲಂದ್ರಷ್ಟೇ ಅತ್ಕೋತ ಕೊಟ್ಟು ಬರ್ತಾನ. ಟೆಂಡರ್‌ದಾಗ ಯಾರೂ ಕೇಳೋ ಮೊದಲೇ ನಾವು ನಮ್ಮ ಬೆಲೆ ನಾವೇ ಮುರಕೋತೀವಿ.

ಇನ್ನ ಬಡ್ಡಿ. ಬಿಲ್ಲು ಕೆಲಸ ಮುಗಿದ ದಿನ ಬರಂಗಿಲ್ಲ. 10 ಲಕ್ಷ ಕೈಸಾಲ ಎರಡು ರೂಪಾಯಿ ಬಡ್ಡಿಗೆ ತಂದು ಆರು ತಿಂಗಳು ಕಾಯ್ದಿ ಅಂದ್ರ 1 ಲಕ್ಷ 20 ಸಾವಿರ ಬಡ್ಡಿಗೇ ಹೋತು. ಕೆಲಸ 12 ಲಕ್ಷದ್ದಿದ್ರ ಅದೇ ನೂರಕ್ಕ ಹತ್ತು. ಇಷ್ಟು ಬಡ್ಡಿ ಎಸ್‌ಆರ್‌ದಾಗ ಹಿಡದಿರಂಗಿಲ್ಲ. ಬಿಲ್ಲಿನಾಗ ಕಟಾವಣಿ ಬ್ಯಾರೆ. ಕಟ್ಟಡ ಕಾರ್ಮಿಕರ ಸೆಸ್ಸು ನೂರಕ್ಕ 1, ಅದು ವಾಪಸ್ ಬರಂಗಿಲ್ಲ. ಇನ್‌ಕಮ್ ಟ್ಯಾಕ್ಸ್ ಟಿಡಿಎಸ್ಸು ನಿನ್ನಂಥ ಒಬ್ಬ ವ್ಯಕ್ತಿಗೆ ನೂರಕ್ಕ 1. ಗುತ್ತಿಗೆ ಎರಡೂವರಿ ಲಕ್ಷ ದಾಟಿದ್ರ ಜಿಎಸ್‌ಟಿ ಟಿಡಿಎಸ್ಸು 2. ಈ ಎರಡೂ ಲೆಕ್ಕಕ್ಕ ವಾಪಸ್ ಬರ್ತಾವ, ಖರೆ ಕೈಯಾಗಿನ ರೊಕ್ಕ ಅಷ್ಟು ದಿನ ಸಿಕ್ಕೊಂಡಿರ್ತದ. ಭದ್ರತಾ ಠೇವಣಿನೂ ಬಿಲ್ಲಿನಾಗ ಹಿಡೀತಾರ, ದೋಷ ಹೊಣೆ ಅವಧಿ, ಅಂದ್ರ ಕೆಲಸದಾಗ ದೋಷ ಕಂಡ್ರ ನೀನೇ ಸರಿ ಮಾಡಿ ಕೊಡೋ ಅವಧಿ, ಮುಗಿಯೋ ತನಕ ಮರೀಬೇಕು.

ಜಿಎಸ್‌ಟಿ ಕೇಳಿದ್ದಿ. ಕಾಮಗಾರಿ ಗುತ್ತಿಗಿಗೆ ಸರ್ಕಾರಿ ಕೆಲಸದಾಗ ಮೊದಲ 12 ಇತ್ತು, 2022ರ ಜುಲೈ 18ರಿಂದ 18 ಆಗ್ಯದ. ಮೊತ್ತದಾಗ ಅದು ಕೂಡೇದೋ, ಬಿಟ್ಟಾರೋ, ಟೆಂಡರ್ ದಾಖಲೆ ಓದು. ಕೂಡಿತ್ತು ಅಂದ್ರ 100 ರೂಪಾಯಿದಾಗ 15 ರೂಪಾಯಿ 25 ಪೈಸೆ ನಿಂದಲ್ಲ. ಇದನ್ನ ನೋಡದೆ 15 ಬಿಲೋ ಹಾಕಿದವನಿಗೆ 85ರಾಗ ಜಿಎಸ್‌ಟಿ ಹೋಗಿ ಸುಮಾರು 72 ಅಷ್ಟೇ ಉಳೀತದ. ಮಾಲು ಪಕ್ಕಾ ಬಿಲ್ಲಿನ ಮ್ಯಾಲ ತಗೋ, ಮಾಲಿನ ಮ್ಯಾಲ ಕಟ್ಟಿದ ಜಿಎಸ್‌ಟಿ ಇನ್‌ಪುಟ್ ಅಂತ ನೀ ಕಟ್ಟೋ ಜಿಎಸ್‌ಟಿದಾಗ ವಜಾ ಸಿಗ್ತದ. ಸಿಮೆಂಟಿನ ಮ್ಯಾಲ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18ಕ್ಕ ಇಳದದ. ಹಳೇ ಕೊಟೇಶನ್ ಇಟ್ಕೊಂಡು ಲೆಕ್ಕ ಮಾಡಬ್ಯಾಡ.

ಕೊನೀಗೆ ಸರ್ಟಿಫಿಕೇಟಿನ ಮಾತು. ಮೊದಲ ಕೆಲಸ ನಷ್ಟಕ್ಕಾದರೂ ಹಿಡಿ ಅಂತ ನಿನಗ ಹೇಳಿದವರು, ಎರಡನೇದಕ್ಕೂ ಅದನ್ನೇ ಹೇಳ್ತಾರ, ಯಾಕಂದ್ರ ಮೊದಲನೇದರ ಸಾಲ ತೀರಿಸ್ಲಿಕ್ಕ ನಿನಗ ಎರಡನೇದು ಬೇಕೇ ಬೇಕಾಗಿರ್ತದ. ಸಾಲ ತೀರಿಸ್ಲಿಕ್ಕ ಬಿಲೋ, ಬಿಲೋ ಹಾಕಿದ್ದಕ್ಕ ಮತ್ತ ಸಾಲ. ಈ ಸುಳಿದಾಗ ಸಿಕ್ಕು ಹೊಲ ಮಾರಿದವರನ್ನ ನಾ ಕಣ್ಣಾರೆ ನೋಡೀನಿ, ಕೆಲಸ ಚೊಲೋ ಬಲ್ಲವರೇ ಇದ್ರು. ಟೆಂಡರ್ ಬೀಳದಿದ್ರ ಬೀಳದಿರಲಿ. ಖಾಸಗಿ ಮನಿ ಕೆಲಸ ಹಿಡಿ, ಕಂಪೌಂಡ್ ಹಿಡಿ. ಹೊಟ್ಟಿ ನಡೀತದ, ಕೈನೂ ಪಳಗ್ತದ.


ಕಿರಾಣಿ ಬಸು (ಆಳಂದ):

ನನ್ನದು ಬ್ಯಾರೆ ಧಂದೆ, ಒಂದು ಪ್ರಶ್ನೆ ಮಾತ್ರ. ಹಿಂಗ ಖರ್ಚಿಗಿಂತ ಕೆಳಗ ರೇಟ್ ಹಾಕಿ ಬಾಕಿ ಮಂದಿ ಹೊಟ್ಟಿ ಮ್ಯಾಲ ಹೊಡಿಯೋರ ಮ್ಯಾಲ ಕಾಯ್ದೆ ಏನೂ ಇಲ್ಲೇನ್ರಿ? ಗುತ್ತಿಗೆದಾರರೆಲ್ಲಾ ಕೂಡಿ “ಇಷ್ಟಕ್ಕಿಂತ ಕೆಳಗ ಯಾರೂ ಹೋಗಬಾರದು” ಅಂತ ಠರಾವು ಮಾಡಿದ್ರ ಆಗಂಗಿಲ್ಲೇನು?


ನಿವೃತ್ತ ಎಇಇ (ಬೀದರ್):

ಇದಕ್ಕೆ ನಾನು ಉತ್ತರಿಸುತ್ತೇನೆ. ಲೋಕೋಪಯೋಗಿ ಕೆಲಸದಲ್ಲಿದ್ದು ಟೆಂಡರ್ ಪರಿಶೀಲನೆಯ ಕಡತಗಳನ್ನು ಬಹಳ ನೋಡಿದ್ದೇನೆ.

ಠರಾವು ಮಾಡುವ ಯೋಚನೆಯನ್ನು ಮೊದಲು ಬಿಡಿ. ಟೆಂಡರ್ ಹಾಕುವವರು ಮೊದಲೇ ಕೂಡಿಕೊಂಡು ದರ ಗೊತ್ತು ಮಾಡಿಕೊಳ್ಳುವುದು 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಮಿನಡಿ ನಿಷಿದ್ಧ. ಕೆಳಗೆ ಹೋಗಬಾರದು ಎಂದು ಒಳ್ಳೆಯ ಉದ್ದೇಶದಿಂದ ಮಾಡಿಕೊಂಡರೂ ಅದು ಕೂಟವೇ. ಇನ್ನು ಖರ್ಚಿಗಿಂತ ಕಡಿಮೆ ಬೆಲೆ ಇಟ್ಟು ಪೈಪೋಟಿಯವರನ್ನು ಮುಗಿಸುವುದರ ಬಗ್ಗೆ ಅದೇ ಕಾಯ್ದೆಯ 4ನೇ ಕಲಮಿನಲ್ಲಿದೆ. ಆದರೆ ಅದು ಮಾರುಕಟ್ಟೆಯಲ್ಲಿ ಪ್ರಾಬಲ್ಯ ಇರುವವರಿಗೆ ಅನ್ವಯಿಸುವ ಮಾತು. ಒಂದು ತಾಲೂಕಿನ ಚಿಕ್ಕ ಗುತ್ತಿಗೆದಾರನನ್ನು ಅದರಡಿ ತರುವುದು ಆಗದ ಕೆಲಸ.

ಇಲಾಖೆಯ ಕೈಯಲ್ಲಿರುವ ಹತ್ಯಾರ ಬೇರೆ. ನಮ್ಮಲ್ಲಿ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಇದೆ, ಎಲ್ಲರೂ ಕೆಟಿಪಿಪಿ ಎನ್ನುವುದು. ಅದರ ಪ್ರಕಾರ ಅರ್ಹರಾದವರಲ್ಲಿ ಮೌಲ್ಯಮಾಪನದ ನಂತರ ಅತಿ ಕಡಿಮೆ ನಿಂತ ಟೆಂಡರನ್ನು ಒಪ್ಪಬೇಕು. ‘ಇವನು ಬಹಳ ಕಡಿಮೆ ಹಾಕಿದ್ದಾನೆ’ ಎಂದು ಅಧಿಕಾರಿ ಮನಸ್ಸಿಗೆ ಬಂದ ಹಾಗೆ ತಳ್ಳಿಹಾಕುವಂತಿಲ್ಲ, ಹಾಗೆ ಬಿಟ್ಟರೆ ಬೇರೆ ದಾರಿಯ ಭ್ರಷ್ಟಾಚಾರ ಶುರುವಾಗುತ್ತದೆ. ಆದರೆ ನಮ್ಮ ಸ್ಟ್ಯಾಂಡರ್ಡ್ ಟೆಂಡರ್ ದಾಖಲೆಯಲ್ಲಿ ಒಂದು ಷರತ್ತಿದೆ. ಎಂಜಿನಿಯರ್ ಅಂದಾಜಿಗೆ ಹೋಲಿಸಿದಾಗ ದರ ತೀರಾ ಅಸಮತೋಲನವಾಗಿ ಕಂಡರೆ, ಪ್ರತಿ ಐಟಂನ ದರ ವಿಶ್ಲೇಷಣೆ ಕೊಡು ಎಂದು ಗುತ್ತಿಗೆದಾರನನ್ನು ಕೇಳಬಹುದು. ಅದನ್ನು ನೋಡಿದ ಮೇಲೆ ಕಾರ್ಯನಿರ್ವಹಣಾ ಭದ್ರತೆಯನ್ನು ಹೆಚ್ಚಿಸಬಹುದು. ಅಂದರೆ ತೀರಾ ಕೆಳಗೆ ಇಳಿದವನು ಹೆಚ್ಚುವರಿ ಬ್ಯಾಂಕ್ ಗ್ಯಾರಂಟಿ ತರಬೇಕಾಗುತ್ತದೆ. ಆಗ ಹಿಂದೆ ಸರಿದರೆ ಇಎಂಡಿ, ಅಂದರೆ ಟೆಂಡರ್ ಜೊತೆ ಇಟ್ಟ ಠೇವಣಿ, ಮುಟ್ಟುಗೋಲು.

ಈ ಷರತ್ತನ್ನು ಕೇವಲ ಠೇವಣಿ ಹೆಚ್ಚಿಸಲು ಬಳಸಿ, ದರ ವಿಶ್ಲೇಷಣೆಯ ಹಾಳೆಯನ್ನು ಓದದೆ ಕಡತಕ್ಕೆ ಸೇರಿಸುವುದು ನನಗೆ ಯಾವಾಗಲೂ ಬೇಸರ ತರಿಸಿದ ವಿಷಯ. ಆ ಹಾಳೆಯಲ್ಲೇ ಎಲ್ಲ ಇರುತ್ತದೆ. ಘನ ಮೀಟರ್ ಎಂ-20ಗೆ ಐದು ಚೀಲದ ಲೆಕ್ಕ ತೋರಿಸಿದ್ದರೆ, ಆ ಮನುಷ್ಯ ಐದೇ ಚೀಲ ಹಾಕುತ್ತೇನೆಂದು ನಮಗೆ ಬರೆದುಕೊಟ್ಟ ಹಾಗೆ. ಅಲ್ಲಿಯೇ ಹಿಡಿಯಬಹುದು.

ಪ್ರಶ್ನೆ ಕೇಳಿದ ತರುಣರಿಗೆ ಎರಡು ವಿಷಯ. ನಿಮ್ಮ ಟೆಂಡರ್ ಶೇಕಡಾವಾರು ದರದ್ದೋ, ಐಟಂ ದರದ್ದೋ ನೋಡಿ. ಶೇಕಡಾವಾರಿನಲ್ಲಿ ಇಡೀ ಮೊತ್ತಕ್ಕೆ ಒಂದೇ ಅಂಕಿ. ಐಟಂ ದರದಲ್ಲಿ ಪ್ರತಿ ಸಾಲಿಗೂ ನೀವೇ ದರ ತುಂಬಬೇಕು. ಕೆಲವರು ಅಗೆತದಂಥ ಮೊದಲ ಐಟಂಗಳಿಗೆ ಹೆಚ್ಚು ಹಾಕಿ, ಕೊನೆಯವಕ್ಕೆ ಕಡಿಮೆ ಹಾಕಿ ಹಣ ಬೇಗ ಎತ್ತಿಕೊಳ್ಳುವ ಉಪಾಯ ಮಾಡುತ್ತಾರೆ. ಅಸಮತೋಲನ ಎಂದು ದಾಖಲೆ ಹೇಳುವುದರಲ್ಲಿ ಇದೂ ಬರುತ್ತದೆ. ಕೆಲಸ ಅರ್ಧವಾದಾಗ ಹಣವೆಲ್ಲ ಎತ್ತಿಯಾಗಿ, ಉಳಿದರ್ಧ ಮುಗಿಸುವ ಮನಸ್ಸೇ ಇಲ್ಲದೆ ಬಿಟ್ಟು ಹೋದ ಸೈಟುಗಳು ಹೀಗೆ ಹುಟ್ಟಿದಂಥವು.

ಎರಡನೆಯದನ್ನು ಹೊಸಬರು ಗಮನಿಸುವುದೇ ಇಲ್ಲ. ದೊಡ್ಡ ಕಾಮಗಾರಿಗಳ ಕರಾರಿನಲ್ಲಿ, ಪ್ರಮಾಣ ಶೇಕಡಾ 125 ದಾಟಿದರೆ ಹೆಚ್ಚುವರಿಗೆ ಆಗಿನ ಎಸ್‌ಆರ್ ದರ ಕೊಡುತ್ತಾರೆ, ಆದರೆ ನಿಮ್ಮ ಮೂಲ ಟೆಂಡರಿನ ಶೇಕಡಾವಾರು ಕೂಡಿಸಿ ಅಥವಾ ಕಳೆದು. 20 ಬಿಲೋ ಹಾಕಿದ್ದರೆ ಹೊಸ ದರದಲ್ಲೂ ಆ 20 ಕಳೆದುಹೋಗುತ್ತದೆ. “ಈಗ ಇಳಿದು ಹಿಡಿಯೋಣ, ಹೆಚ್ಚುವರಿ ಕೆಲಸದಲ್ಲಿ ಸರಿದೂಗಿಸೋಣ” ಎಂಬ ಸಲಹೆ ಯಾರಾದರೂ ಕೊಟ್ಟರೆ ಕರಾರಿನ ಈ ಷರತ್ತನ್ನು ತೋರಿಸಿ. ನಿಮ್ಮ ಕಾಮಗಾರಿಯ ಕರಾರಿನಲ್ಲಿ ಏನಿದೆ ಎಂಬುದನ್ನು ಸಹಿ ಮಾಡುವ ಮೊದಲು ಓದಿಕೊಳ್ಳಿ.


ಟೀಚರ್ (ಸುರಪುರ ತಾಲೂಕು, ಯಾದಗಿರಿ):

ನಾನು ಗುತ್ತಿಗೆಯವಳಲ್ಲ, ಸರ್ಕಾರಿ ಶಾಲೆ ಟೀಚರ್. ಈ ‘ಬಿಲೋ’ ಅನ್ನೋ ಪದವನ್ನ ನಾನು ಮೊದಲ ಸಲ ಕೇಳಿದ್ದು ನಮ್ಮ ಶಾಲೆಯ ಹೊಸ ಕೋಣೆಯೊಳಗೆ.

ಕೋಣೆ ಕಟ್ಟಿ ಇನ್ನೂ ಬಣ್ಣದ ವಾಸನೆ ಹೋಗಿರಲಿಲ್ಲ. ಕಿಟಕಿ ಕೆಳಗಿನ ಗೋಡೆಗೆ ಒರಗಿ ಕೂತ ಹುಡುಗರ ಅಂಗಿ ಹಿಂದೆಲ್ಲಾ ಬೂದಿ ಬಣ್ಣದ ಪುಡಿ. ಪೆನ್ಸಿಲ್ ಹಿಂದಿನ ತುದಿಯಿಂದ ಗೋಡೆ ಕೆರೆದೆ, ಉಸುಕು ಸರಸರ ಅಂತ ನೆಲಕ್ಕೆ ಬಿತ್ತು. ನಾಲ್ಕನೇತ್ತೆ ಹುಡುಗ ಒಬ್ಬ ಬೆರಳು ಹಾಕಿ ನೋಡ್ತಾನೆ, ಬೆರಳಿನ ಮೊದಲ ಗೆಣ್ಣು ಒಳಗೆ ಹೋಯ್ತು. ಕಟ್ಟಿದವರು ಬಂದಾಗ ತೋರಿಸಿದೆ. ಅವರು ಸಿಟ್ಟಾಗಲಿಲ್ಲ, ಮುಚ್ಚಿಡಲೂ ಇಲ್ಲ. “ಟೀಚರ್, ಇದು 28 ಬಿಲೋ ಕೆಲಸ. ಇದಕ್ಕ ಇಷ್ಟೇ ಬರ್ತದ” ಅಂದರು. ಅವರ ಮನಸ್ಸಿನಲ್ಲಿ ಅದು ಸರಿಯಾದ ಉತ್ತರವೇ ಆಗಿತ್ತು. ಕಡಿಮೆ ಕೊಟ್ಟಿದ್ದಾರೆ, ಕಡಿಮೆ ಮಾಡಿದ್ದೇನೆ.

ನಾನು ಆವತ್ತು ಕೇಳಿದ್ದು ಇಷ್ಟೇ: ಕಡಿಮೆ ಅಂತ ಹೇಳಿದವರು ನೀವೇ ಅಲ್ವಾ, ಮಕ್ಕಳು ಹೇಳಿದ್ರಾ? ನಮ್ಮ ಶಾಲಾಭಿವೃದ್ಧಿ ಸಮಿತಿ, ಎಸ್‌ಡಿಎಂಸಿಯವರು ಪೂರ್ಣಗೊಂಡ ಪತ್ರಕ್ಕೆ ಸಹಿ ಹಾಕಲಿಲ್ಲ. ಬಹಳ ಓಡಾಟವಾದ ಮೇಲೆ ಒಳಗಿನ ಪ್ಲಾಸ್ಟರ್ ಕೆಡವಿ ಮತ್ತೆ ಮಾಡಿಕೊಟ್ಟರು. ಮೇಲಿನ ಸ್ಲ್ಯಾಬಿನಲ್ಲಿ ಏನಿದೆ ಅಂತ ಕಣ್ಣಿಗೆ ಕಾಣಲ್ಲ. ಮಳೆಗಾಲದಲ್ಲಿ ನಾನು ಮಕ್ಕಳನ್ನ ಒಂದು ಮೂಲೆ ಬಿಟ್ಟು ಕೂರಿಸ್ತೀನಿ.

ಗೌಂಡಿ ಮಗ ಅವರು ಬರೆದ ಚೀಲದ ಲೆಕ್ಕ ಓದಿ ನನಗೆ ಬಹಳ ಉಪಯೋಗ ಆಯ್ತು. ಘನ ಮೀಟರಿಗೆ 8 ಚೀಲ ಅನ್ನೋದು ಗೊತ್ತಿದ್ದಿದ್ರೆ ಸ್ಲ್ಯಾಬ್ ಹಾಕುವ ದಿನ ನಾವೇ ಖಾಲಿ ಚೀಲ ಎಣಿಸಿ ಇಡ್ತಿದ್ವಿ. ನಮ್ಮಲ್ಲಿ ಇನ್ನೊಂದು ಕೋಣೆ ಮಂಜೂರಾಗಿದೆ. ಈ ಸಲ ಎಣಿಸ್ತೀವಿ.


ಭೀಮಾದಂಡಿ (ಜೇವರ್ಗಿ):

ಎಲ್ಲಾರಿಗೂ ಭಾಳ ಉಪಕಾರ ಆಯ್ತರಿ. ಸಾಹೇಬ್ರ ಮಾತು ಕೇಳಿ ದಾಖಲೆ ಪೂರ್ತಿ ಓದಿದೆ. ನಂದು ಶೇಕಡಾವಾರು ಟೆಂಡರ್. ಮೊತ್ತದಾಗ ಜಿಎಸ್‌ಟಿ ಬಿಟ್ಟು ಹಾಕ್ಯಾರ, ಬಿಲ್ಲಿನಾಗ ಬ್ಯಾರೆ ಕೊಡ್ತಾರ. ಎಸ್‌ಆರ್ ಹೊಸದೇ ಅದ.

ನಿನ್ನೆ ರಾತ್ರಿ ಅಪ್ಪನ್ನ ಬಾಜೂಕ ಕುಂದ್ರಿಸ್ಕೊಂಡು ಲೆಕ್ಕ ಮಾಡಿದೆ. ಸಿಮೆಂಟ್ ಅಂಗಡಿ ರೇಟು, ಮಿಕ್ಸರ್ ಬಾಡಿಗಿ, ಗೌಂಡಿ-ಲೇಬರ್ ಕೂಲಿ, ಬಡ್ಡಿ, ಸೆಸ್ಸು ಎಲ್ಲಾ ಹಾಕಿ, ನನ್ನ ಪಗಾರ ಅಂತ ಸ್ವಲ್ಪ ಇಟ್ಕೊಂಡ್ರ 5 ಬಿಲೋಕ್ಕಿಂತ ಕೆಳಗ ಹೋಗ್ಲಿಕ್ಕ ಬರಂಗಿಲ್ಲ. ಅಪ್ಪ “5 ಹಾಕು, ಬಂದ್ರ ಬರಲಿ” ಅಂದ್ರು. ಹಂಗೇ ಹಾಕ್ತೀನಿ. ಬೀಳೋದು ಕಷ್ಟ ಅಂತ ಗೊತ್ತದ.

ಒಂದು ಕೇಳೋದದ. ಉಸುಕು, ಖಡಿ ಎಸ್ಟಿಮೇಟಿನಾಗ ತೋರಿಸಿದ ದರಕ್ಕ ನನಗ ಇಲ್ಲಿ ಸಿಗವಲ್ದು. ಎಲ್ಲಿ ತಪ್ಪಿದೆ?


ಗೌಂಡಿ ಮಗ (ಕಲಬುರಗಿ):

ಲೀಡ್ ನೋಡು ತಮ್ಮಾ. ಎಸ್‌ಆರ್ ದರ ಮಾಲಿಂದು, ಅದನ್ನ ಸೈಟಿಗೆ ತರೋ ದೂರ ಬ್ಯಾರೆ ಕೂಡಿಸ್ತಾರ, ಅದಕ್ಕೇ ಲೀಡ್ ಅನ್ನೋದು. ಎಸ್ಟಿಮೇಟಿನ ಜೊತಿ ಲೀಡ್ ಚಾರ್ಟ್ ಇರ್ತದ, ಇಲಾಖೆ ಆಫೀಸಿಗೆ ಹೋಗಿ ಕೇಳು. ಅದರಾಗ ಯಾವ ಕ್ರಷರು, ಎಷ್ಟು ಕಿಲೋಮೀಟರ್ ಅಂತ ಬರದಿರ್ತಾರ. ನೀ ತರೋ ಕ್ರಷರು ಅದಕ್ಕಿಂತ ದೂರ ಇದ್ರ ಹೆಚ್ಚಿನ ಬಾಡಿಗಿ ನಿನ್ನ ಮ್ಯಾಲ. ಉಸುಕು ಭೀಮಾ ಹೊಳಿದು ಹಿಡದಾರೋ, ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಹಿಡದಾರೋ ಅದನ್ನೂ ನೋಡು, ಎರಡರ ದರ ಒಂದೇ ಇರಂಗಿಲ್ಲ. ಪರ್ಮಿಟ್ ಚೀಟಿ ಇಲ್ಲದ ಉಸುಕು ಸೋವಿ ಅಂತ ಹಾಕಿಸ್ಕೋಬ್ಯಾಡ, ಬಿಲ್ಲಿನಾಗ ರಾಜಧನ ನಿನ್ನ ಹತ್ರನೇ ಮುರ್ಕೋತಾರ.

ಇನ್ನೊಂದು, ಕ್ಯೂರಿಂಗ್ ನೀರು ಲೆಕ್ಕದಾಗ ಹಾಕಿದ್ದಿಲ್ಲ ನೀ, ಪಟ್ಟಿದಾಗ ಕಾಣಲಿಲ್ಲ. ನಮ್ಮ ಕಡಿ ಬ್ಯಾಸಿಗಿ ಬಿಸಿಲಿಗೆ ಹಾರುಬೂದಿ ಕೂಡಿದ ಪಿಪಿಸಿ ಸಿಮೆಂಟ್ ಇದ್ರ 14 ದಿನದ ತನಕ ಹಸಿ ಇಡೋದು ಚೊಲೋ ಅಂತ ಕಾಂಕ್ರೀಟಿನ ಮಾನದಂಡ ಐಎಸ್ 456 ಶಿಫಾರಸು ಮಾಡ್ತದ. 300 ಚದರ ಮೀಟರಿನ ಮ್ಯಾಲ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸ್ಲಿಕ್ಕ ಆ ಹಳ್ಳಿದಾಗ ಏಪ್ರಿಲ್‌ದಾಗ ಟ್ಯಾಂಕರೇ ಗತಿ, ಬೋರಿನ ನೀರು ಊರವರು ಕುಡೀಲಿಕ್ಕೇ ಸಾಲಂಗಿಲ್ಲ. ಟ್ಯಾಂಕರ್ ರೇಟು ಕೇಳು, ನೀರು ಕಾಯೋ ಒಬ್ಬ ಮನುಷ್ಯನ ಕೂಲಿ ಹಾಕು, ಆಮ್ಯಾಲ 5 ನಿಲ್ತದೋ, 3ಕ್ಕ ಬರಬೇಕೋ ನೋಡು. ಟೆಂಡರ್ ಕೊನೀ ದಿನ ಸಂಜಿ ತನಕ ಕಾಯಬ್ಯಾಡ, ಆ ಹೊತ್ತಿಗೆ ಪೋರ್ಟಲ್ ಭಾಳ ನಿಧಾನ ಆಗ್ತದ. ಒಂದು ದಿನ ಮೊದಲೇ ಅಪ್‌ಲೋಡ್ ಮಾಡು.